ಕೊಟ್ಟಿಗೆಗೆ ಬೆಂಕಿ ಬಿದ್ದ ಮರುದಿನ



ಬೇಸಿಗೆ ಬಂತೆಂದರೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಎಲ್ಲಿ ನೋಡಿದರೂ ಮೇವಿನ ಬಣವೆ. ಲಿಂಗಸುಗೂರು, ಮಸ್ಕಿ ಕಡೆ ಜೋಳದ ಕಣಕಿ, ತೊಗರಿ ಹೊಟ್ಟು. ಸಿಂಧನೂರಿನ ಕಾಲುವೆ ಸೀಮೆಯಲ್ಲಿ, ಕ್ಯಾಂಪುಗಳಲ್ಲಿ ನೆಲ್ಲು ಹುಲ್ಲು. ಮುಂದಿನ ಮಳೆಗಾಲದವರೆಗೆ ದನಗಳ ಹೊಟ್ಟೆ ತುಂಬಬೇಕಾದ ಮೇವು ಅದು. ಕಳ್ಳರ ಭಯಕ್ಕೋ, ಹೊತ್ತು ತರುವ ಕಷ್ಟಕ್ಕೋ ಬಣವೆಯನ್ನು ಕೊಟ್ಟಿಗೆಗೆ ಆನಿಸಿಯೇ ಒಟ್ಟುತ್ತೇವೆ. ಬಿಸಿಲು 40 ಡಿಗ್ರಿ ದಾಟುವುದೂ, ಗಾಳಿ ಬೀಸುವುದೂ ಅದೇ ದಿನಗಳಲ್ಲಿ. ಒಂದು ಕಿಡಿ ಸಾಕು.

ಬೆಂಕಿ ಬೀಳದಂತೆ ನೋಡಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಕೊನೆಯಲ್ಲಿ ಹೇಳುತ್ತೇನೆ. ಆದರೆ ಈ ಸಲ ಬೇರೆ ವಿಷಯ ಬರೆಯಬೇಕೆನಿಸಿತು. ಬೆಂಕಿ ಬಿದ್ದ ಮರುದಿನ ಏನಾಗುತ್ತದೆ? ಯಾರು ಬರುತ್ತಾರೆ, ಏನು ಕೇಳುತ್ತಾರೆ, ಬೂದಿಯಲ್ಲಿ ಏನು ಹುಡುಕುತ್ತಾರೆ?

ಒಂದು ರಾತ್ರಿಯನ್ನು ಊಹಿಸಿಕೊಳ್ಳೋಣ. ಇದು ಯಾವುದೋ ಒಂದು ಮನೆಯ ಸುದ್ದಿಯಲ್ಲ. ಯಾರನ್ನೂ ಬೊಟ್ಟು ಮಾಡಿ ತೋರಿಸುವುದು ಬೇಡವೆಂದು ನಾನೇ ಕಟ್ಟಿಕೊಂಡ ಉದಾಹರಣೆ. ಆಕಳು ನಿಮ್ಮದು, ಕೊಟ್ಟಿಗೆ ನಿಮ್ಮದು ಎಂದುಕೊಂಡು ಓದಿ.

ಆ ರಾತ್ರಿ

ಸಂಜೆ ನೀವು ಡೈರಿಗೆ 5 ಲೀಟರ್ ಹಾಲು ಹಾಕಿ ಬಂದಿದ್ದೀರಿ. ಕತ್ತಲಾದ ಮೇಲೆ ಸೊಳ್ಳೆ ಹೆಚ್ಚೆಂದು ಹಳೆಯ ಕಬ್ಬಿಣದ ಪುಟ್ಟಿಯಲ್ಲಿ ಎರಡು ಕುಳ್ಳು, ಒಂದು ಹಿಡಿ ಬೇವಿನ ಸೊಪ್ಪು ಹಾಕಿ ಗೋದಲಿಯ ಪಕ್ಕ ಹೊಗೆ ಇಟ್ಟು ಮಲಗಿದ್ದೀರಿ. ರಾತ್ರಿ ಒಂದು ಗಂಟೆಗೆ ದನ ಒದರುವ ಸದ್ದಿಗೆ ಎಚ್ಚರವಾಗುತ್ತದೆ. ಕೊಟ್ಟಿಗೆಯ ಮಾಡು ಉರಿಯುತ್ತಿದೆ. ಓಣಿಯವರೆಲ್ಲ ಕೊಡ ಹಿಡಿದು ಓಡಿ ಬರುತ್ತಾರೆ. ಬದುವಿನ ಜಗಳದಿಂದ ಒಂದು ವರ್ಷ ಮಾತು ಬಿಟ್ಟಿದ್ದ ಪಕ್ಕದ ಹೊಲದವರೂ ಬರುತ್ತಾರೆ. ಎಮ್ಮೆಯ ಕಣ್ಣಿ ಕೊಯ್ದು ಹೊರಗೆಳೆಯುತ್ತೀರಿ. ಆಕಳಿಗೆ ಹಾಕಿದ್ದು ಸರಪಳಿ. ಬಿಚ್ಚಲು ಆಗುವುದಿಲ್ಲ.

ಆ ಆಕಳಿಗೆ ವಿಮೆ ಮಾಡಿಸಿ ಎರಡೇ ತಿಂಗಳಾಗಿದೆ. ಬೆಳಗಾಗುವುದರೊಳಗೆ ಚಹಾದ ಅಂಗಡಿಯಲ್ಲಿ ಮಾತು ಹುಟ್ಟುತ್ತದೆ: "ಮೊದಲs ಸತ್ತಿತ್ತಂತ ಆಕಳಾ, ರೊಕ್ಕ ಬರತೈತಂತ ಸುಟ್ಟಾರ."

ಅಷ್ಟರಲ್ಲಿ ಯಾರೋ ಬಂದು ಕೇಳುತ್ತಾರೆ, "ಬೆಂಕಿ ಹ್ಯಾಂಗ ಬಿತ್ತಬೇ?" ನಿಮಗೆ ಹೊಗೆಯ ಪುಟ್ಟಿ ನೆನಪಾಗುತ್ತದೆ. ನಾನೇ ಇಟ್ಟೆ ಎಂದರೆ ರೊಕ್ಕ ಕೊಡುವುದಿಲ್ಲವೇನೋ ಎಂಬ ಭಯ, ಮನೆಯವರು ಬೈಯುತ್ತಾರೆಂಬ ಭಯ. ಬಾಯಿಂದ ಬರುವುದು, "ಗೊತ್ತಿಲ್ರಿ, ಯಾರೋ ಹಚ್ಯಾರ್ರಿ." ಯಾರು ಎಂದು ಮತ್ತೊಬ್ಬರು ಕೇಳಿದರೆ ಬದುವಿನ ಜಗಳದವರ ಹೆಸರು ತಾನಾಗಿಯೇ ಹೊರಬೀಳುತ್ತದೆ.

ಈಗ ಎರಡು ಪ್ರಶ್ನೆಗಳು ಎದ್ದವು. ಬೆಂಕಿ ಬಿದ್ದಾಗ ಆಕಳು ಬದುಕಿತ್ತೇ? ಬೆಂಕಿ ಎಲ್ಲಿಂದ ಬಂತು? ನಾನು, ಅಂದರೆ ಪಶುವೈದ್ಯರು, ಬರುವುದು ಮೊದಲನೆಯ ಪ್ರಶ್ನೆಗೆ. ವಿಮೆಯವರು, ಪೊಲೀಸರು, ಅಗ್ನಿಶಾಮಕದವರು ಬರುವುದು ಎರಡಕ್ಕೂ. ನಮ್ಮ ಅಜ್ಜಂದಿರ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಲ್ಲಿ ಪುರುಷೋತ್ತಮ ಎಂಬ ಪತ್ತೇದಾರ ಇಂಥ ಪ್ರಶ್ನೆಗಳನ್ನು ಬಿಡಿಸುತ್ತಿದ್ದ. ನಿಜ ಜೀವನದಲ್ಲಿ ಇವು ಬಿಡಿಸಿಕೊಳ್ಳುವುದು ಸತ್ತ ಆಕಳ ಗಂಟಲಿನಿಂದ, ಕಿವಿಯಿಂದ, ಡೈರಿಯ ಪುಸ್ತಕದಿಂದ ಮತ್ತು ಬೂದಿಯಿಂದ.

ಎರಡು ಹಂದಿಗಳ ಸಾಕ್ಷಿ

ಸುಮಾರು 1,700 ವರ್ಷಗಳ ಹಿಂದಿನ ಮಾತು. ಚೀನಾ ದೇಶದ ವೂ ರಾಜ್ಯದಲ್ಲಿ ಝಾಂಗ್ ಜು ಎಂಬ ನ್ಯಾಯಾಧಿಕಾರಿಯಿದ್ದ. ಮನೆಗೆ ಬೆಂಕಿ ಬಿದ್ದು ಗಂಡ ಸುಟ್ಟು ಸತ್ತನೆಂದು ಒಬ್ಬ ಹೆಂಗಸು ಹೇಳಿದಳು. ಗಂಡನ ಕಡೆಯವರಿಗೆ ಅನುಮಾನ. ಅಧಿಕಾರಿ ಯಾರನ್ನೂ ಹೊಡೆಯಲಿಲ್ಲ, ಬೆದರಿಸಲಿಲ್ಲ. ಎರಡು ಹಂದಿ ತರಿಸಿದ. ಒಂದನ್ನು ಮೊದಲೇ ಕೊಲ್ಲಿಸಿ, ಇನ್ನೊಂದನ್ನು ಜೀವಂತವಾಗಿಟ್ಟು, ಎರಡನ್ನೂ ಕಟ್ಟಿಗೆ ರಾಶಿಯಲ್ಲಿ ಸುಡಿಸಿದ. ಬದುಕಿದ್ದು ಸುಟ್ಟ ಹಂದಿಯ ಬಾಯಲ್ಲಿ ಬೂದಿಯಿತ್ತು. ಸತ್ತ ಮೇಲೆ ಸುಟ್ಟದ್ದರ ಬಾಯಲ್ಲಿ ಇರಲಿಲ್ಲ. ಆ ಗಂಡನ ಬಾಯಿ ನೋಡಿದರೆ ಅಲ್ಲಿಯೂ ಬೂದಿಯಿರಲಿಲ್ಲ. ಕೊಂದು ಸುಟ್ಟದ್ದೆಂದು ಹೆಂಗಸು ಒಪ್ಪಿಕೊಂಡಳು.

ಇಂದು ಯಾರೂ ಹಾಗೆ ಪ್ರಾಣಿಯನ್ನು ಸುಡಬೇಕಿಲ್ಲ, ಸುಡಲೂಬಾರದು. ಆದರೆ ಆ ಅಧಿಕಾರಿ ಕಂಡುಕೊಂಡ ತತ್ವ ಇಂದಿಗೂ ನಮ್ಮ ಮರಣೋತ್ತರ ಪರೀಕ್ಷೆಯ ಮೊದಲ ಪಾಠ. ಉಸಿರಾಡುವ ಜೀವ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸತ್ತದ್ದು ಎಳೆದುಕೊಳ್ಳುವುದಿಲ್ಲ.

ಹಾಗಾಗಿ ಬೆಂಕಿಯಲ್ಲಿ ಸತ್ತ ಆಕಳನ್ನು ಪರೀಕ್ಷಿಸುವಾಗ ನಾವು ಮೈಮೇಲಿನ ಸುಟ್ಟ ಗಾಯ ನೋಡಿ ಸುಮ್ಮನಾಗುವುದಿಲ್ಲ. ಶ್ವಾಸನಾಳವನ್ನು ಉದ್ದಕ್ಕೆ ಸೀಳಿ, ಒಳಗೆ ಪುಪ್ಪುಸದವರೆಗೆ ಮಸಿ ಇಳಿದಿದೆಯೇ ಎಂದು ನೋಡುತ್ತೇವೆ. ಬಾಯಿ ಮತ್ತು ಮೂಗಿನಲ್ಲಷ್ಟೇ ಮಸಿ ಇದ್ದರೆ ಸಾಲದು, ಒಳಗೆ ಇಳಿದಿರಬೇಕು. ಬೆಂಕಿಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದು ರಕ್ತಕ್ಕೆ ಸೇರಿದರೆ ರಕ್ತ ಕಪ್ಪಗಾಗದೆ ಹೊಳೆಯುವ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಈ ಎರಡೂ ಗುರುತು ಇದ್ದರೆ ಚಹಾದ ಅಂಗಡಿಯ ಮಾತು ಅಲ್ಲಿಗೇ ಮುಗಿಯಿತು. ಆಕಳು ಬದುಕಿತ್ತು, ಉಸಿರಾಡುತ್ತಿತ್ತು, ಬೆಂಕಿಯಲ್ಲೇ ಸತ್ತಿತು ಎಂದು ನಾನು ಧೈರ್ಯವಾಗಿ ಬರೆಯಬಲ್ಲೆ.

ಆದ್ದರಿಂದಲೇ ನಿಮ್ಮನ್ನು ಕೇಳಿಕೊಳ್ಳುವುದು: ನಾವು ಬರುವ ಮೊದಲು ಆಕಳನ್ನು ಹೂಳಬೇಡಿ, ಸಾಗಹಾಕಬೇಡಿ, ಚರ್ಮ ಸುಲಿಯಲು ಬಿಡಬೇಡಿ. ಮನೆಯ ಮುಂದೆ ಸತ್ತ ದನ ಬಿದ್ದಿರುವುದು ನೋಡಲು ಸಂಕಟ, ಗೊತ್ತು. ಆದರೆ ನಿಮ್ಮ ಪರವಾಗಿ ಮಾತನಾಡುವ ಮೊದಲ ಸಾಕ್ಷಿ ಅದೇ. ನಮ್ಮ ಬಿಸಿಲಿಗೆ ದೇಹ ಬೇಗ ಕೆಡುತ್ತದೆ, ಕೆಟ್ಟರೆ ಗುರುತುಗಳು ಅಳಿಸುತ್ತವೆ. ಆದ್ದರಿಂದ ನೆರಳು ಮಾಡಿ, ನಾಯಿ ಮುಟ್ಟದಂತೆ ನೋಡಿಕೊಂಡು, ಬೆಳಗಾಗುವುದನ್ನು ಕಾಯದೆ ಪಶು ಆಸ್ಪತ್ರೆಗೆ ಫೋನ್ ಮಾಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಕಿವಿಯೋಲೆ ಕರಗಿದರೆ?

ಎರಡನೆಯ ಅನುಮಾನ: ಸತ್ತದ್ದು ವಿಮೆ ಮಾಡಿಸಿದ ಆಕಳೇ ಹೌದೇ?

ನಿಮ್ಮ ದನದ ಕಿವಿಯಲ್ಲಿರುವ ಹಳದಿ ಓಲೆಯ ಮೇಲೆ 12 ಅಂಕಿಗಳ ಸಂಖ್ಯೆಯಿದೆ. ಆ ಸಂಖ್ಯೆ ದೇಶದಲ್ಲಿ ಇನ್ನೊಂದು ದನಕ್ಕಿಲ್ಲ. ಓಲೆ ಇಲ್ಲದಿದ್ದರೆ ವಿಮೆಯೂ ಇಲ್ಲ ಎಂಬುದು ವಿಮೆಯವರ ಹಳೆಯ ನಿಯಮ. ಅದಕ್ಕೆ ಕಾರಣವೂ ಇದೆ. ವಿಮೆ ಇಲ್ಲದ ದನ ಸತ್ತಾಗ ವಿಮೆಯಿರುವ ದನದ ಹೆಸರಿನಲ್ಲಿ ಹಣ ಕೇಳುವ ಮೋಸಗಳು ನಡೆದಿವೆ. ಆದರೆ ಓಲೆ ಪ್ಲಾಸ್ಟಿಕ್ಕಿನದು. ಬೆಂಕಿಯಲ್ಲಿ ಕರಗುತ್ತದೆ. ಆಗ ಪ್ರಾಮಾಣಿಕ ಹೆಣ್ಣುಮಗಳು ಏನು ಮಾಡಬೇಕು?

ಕರಗಿದ ಓಲೆಯ ಉಂಡೆಯೇ ಸಿಕ್ಕರೂ ಎಸೆಯಬೇಡಿ. ಕಿವಿಯನ್ನು ಹಾಗೆಯೇ ಬಿಡಿ. ಓಲೆ ಹಾಕಿ ತಿಂಗಳುಗಳಾದ ಕಿವಿಯಲ್ಲಿ ತೂತಿನ ಸುತ್ತ ಮಾಗಿದ ಅಂಚು ಇರುತ್ತದೆ, ನಿನ್ನೆ ಮೊನ್ನೆ ಚುಚ್ಚಿದ ತೂತಿಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತದೆ. ಇದಲ್ಲದೆ ನಿಮ್ಮ ಹತ್ತಿರ ಬೇರೆ ಸಾಕ್ಷಿಗಳಿವೆ. ಕೃತಕ ಗರ್ಭಧಾರಣೆ ಮಾಡಿಸಿದಾಗ, ಕಾಲುಬಾಯಿ ಬೇನೆಯ ಲಸಿಕೆ ಹಾಕಿಸಿದಾಗ ಆ ಸಂಖ್ಯೆಯನ್ನು ನಮ್ಮ ದಾಖಲೆಯಲ್ಲಿ ಬರೆದಿರುತ್ತೇವೆ. ದನದ ಮೂಗಿನ ಮೇಲಿನ ಗೆರೆಗಳು ಮನುಷ್ಯರ ಹೆಬ್ಬೆಟ್ಟಿನ ಗೆರೆಗಳ ಹಾಗೆ ಒಂದರಂತೆ ಇನ್ನೊಂದಿಲ್ಲ. ಇದು ವಿಜ್ಞಾನಿಗಳಿಗೆ 1920ರ ದಶಕದಿಂದಲೇ ಗೊತ್ತು. ಈಗ ಕೆಲವು ವಿಮೆ ಕಂಪನಿಗಳು ಮೊಬೈಲಿನಲ್ಲಿ ಮೂಗಿನ ಚಿತ್ರ ತೆಗೆದಿಟ್ಟುಕೊಳ್ಳುತ್ತಿವೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಡೈರಿಯ ಹಾಲಿನ ಪುಸ್ತಕ. ಬೆಂಕಿ ಬಿದ್ದ ಸಂಜೆ ಎಷ್ಟು ಲೀಟರ್ ಹಾಕಿದಿರಿ, ಫ್ಯಾಟ್ ಎಷ್ಟು ಬಂತು ಎಂಬುದು ಅಲ್ಲಿದೆ. ನಾಲ್ಕು ದಿನದ ಹಿಂದೆಯೇ ಸತ್ತಿದೆ ಎನ್ನುವ ಆಕಳ ಮನೆಯಿಂದ ನಿನ್ನೆ ಸಂಜೆ ಎಂದಿನಷ್ಟೇ ಹಾಲು ಬಂದದ್ದು ಹೇಗೆ? ಮರುದಿನ ಹಾಲು ಇಳಿದದ್ದೂ ಅದೇ ಪುಸ್ತಕದಲ್ಲಿ ಕಾಣುತ್ತದೆ. ಹಾಲಿನ ಲೆಕ್ಕ ದುಡ್ಡಿಗಾಗಿ ಮಾತ್ರ ಎಂದುಕೊಂಡಿರುತ್ತೇವೆ. ಕಷ್ಟಕಾಲದಲ್ಲಿ ಅದು ನಿಮ್ಮ ಮಾತಿಗೆ ಜಾಮೀನು. ಹಾಗಾಗಿ ನಿಮ್ಮ ಹಾಲನ್ನು ನಿಮ್ಮ ಹೆಸರಿಗೇ ಹಾಕಿ, ಬರೆಸಿದ್ದು ಸರಿಯಿದೆಯೇ ನೋಡಿಕೊಳ್ಳಿ.

ಇವತ್ತೇ ಮಾಡಬಹುದಾದ ಒಂದು ಕೆಲಸ: ಮನೆಯಲ್ಲಿ ಯಾರದಾದರೂ ಮೊಬೈಲಿನಲ್ಲಿ ಪ್ರತಿ ದನದ್ದೂ ಮೂರು ಫೋಟೊ ತೆಗೆಸಿ. ಓಲೆಯ ಸಂಖ್ಯೆ ಓದುವಂತೆ ಒಂದು, ಮುಖದ್ದು ಒಂದು, ನೀವು ಪಕ್ಕದಲ್ಲಿ ನಿಂತು ಪೂರ್ತಿ ದನ ಕಾಣುವಂತೆ ಒಂದು. ಅದನ್ನು ಊರಾಚೆಯ ಬಂಧುಗಳಿಗೂ ಕಳಿಸಿಡಿ. ಬೆಂಕಿ ಮನೆಗೆ ಬಿದ್ದರೆ ಮೊಬೈಲೂ ಉಳಿಯಲಿಕ್ಕಿಲ್ಲ. ಓಲೆ ಬಿದ್ದುಹೋದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ ಹೊಸದು ಹಾಕಿಸಿ, ಹೊಸ ಸಂಖ್ಯೆಯನ್ನು ವಿಮೆಯವರಿಗೆ ಬರಹದಲ್ಲಿ ಕೊಡಿ.

ಬೆಂಕಿಯ ಹೆಜ್ಜೆ ಗುರುತು

ಇನ್ನು ಎರಡನೆಯ ಪ್ರಶ್ನೆ. ಬೆಂಕಿ ಎಲ್ಲಿಂದ ಬಂತು?

ಬೆಂಕಿ ಮೇಲಕ್ಕೇರುತ್ತದೆ, ಏರುತ್ತಾ ಅಗಲವಾಗುತ್ತದೆ. ಗೋಡೆಯ ಮೇಲೆ ಮಸಿಯ ಗುರುತು ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿದ್ದರೆ, ಆ ಕಿರಿದಾದ ತುದಿಯ ಹತ್ತಿರ ಬೆಂಕಿ ಹುಟ್ಟಿರಬಹುದೆಂದು ತನಿಖೆಯವರು ಲೆಕ್ಕ ಹಾಕುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಮೊದಲು ಕಂಡವರು ಯಾವ ಮೂಲೆಯಲ್ಲಿ ಉರಿ ಕಂಡರು, ಯಾವ ಕಂಬ ಹೆಚ್ಚು ಸುಟ್ಟಿದೆ ಎಂಬುದನ್ನೆಲ್ಲ ಕೂಡಿಸಿ ನೋಡುತ್ತಾರೆ. ನಮ್ಮ ಭಾಗದಲ್ಲಿ ಕೊಟ್ಟಿಗೆ, ಬಣವೆ ಸುಡುವುದಕ್ಕೆ ಸಾಮಾನ್ಯವಾಗಿ ಇರುವ ಕಾರಣಗಳು ಇವು.

ಒಂದು, ಸೊಳ್ಳೆಗೆ ಇಟ್ಟ ಹೊಗೆ, ಒಲೆಯ ಬೂದಿ, ಬೀಡಿಯ ತುಂಡು. ಕುಳ್ಳಿನ ಕೆಂಡ ಬೂದಿಯೊಳಗೆ ಗಂಟೆಗಟ್ಟಲೆ ಜೀವಂತ ಇರುತ್ತದೆ. ದನ ಕಾಲು ಕೊಡವಿದರೆ ಪುಟ್ಟಿ ಮಗುಚುತ್ತದೆ.

ಎರಡು, ವಿದ್ಯುತ್. ಬಣವೆಯ ಮೇಲೆ ಜೋತು ಬಿದ್ದ ತಂತಿ, ಕೊಟ್ಟಿಗೆಯೊಳಗೆ ಇಲಿ ಕಡಿದ ವಯರು, ಮೇವು ಹೇರಿಕೊಂಡು ಬರುವ ಟ್ರ್ಯಾಕ್ಟರಿಗೆ ತಾಗುವ ಲೈನು. ಕಿಡಿ ಹಾರಿದ ತಾಮ್ರದ ತಂತಿಯ ತುದಿಯಲ್ಲಿ ಮಣಿಯಂಥ ಗುಂಡು ಉಳಿಯುತ್ತದೆ. ಅದು ಬೆಂಕಿಗೆ ಮೊದಲು ಆದದ್ದೋ, ಬೆಂಕಿಯಿಂದ ಆದದ್ದೋ ಎಂದು ಬೇರೆ ಗುರುತುಗಳ ಜೊತೆ ಹೋಲಿಸಿಯೇ ಹೇಳಬೇಕು. ಆದ್ದರಿಂದ ಸುಟ್ಟ ವಯರನ್ನು ಗುಜರಿಗೆ ಹಾಕಬೇಡಿ.

ಮೂರು, ಪಕ್ಕದ ಹೊಲದ ಬೆಂಕಿ. ಯಂತ್ರದಲ್ಲಿ ನೆಲ್ಲು ಕೊಯ್ದ ಮೇಲೆ ಉಳಿದ ಕೂಳೆಗೆ ಬೆಂಕಿ ಇಟ್ಟಾಗ ಗಾಳಿಗೆ ಕಿಡಿ ಹಾರಿ ದೂರದ ಬಣವೆಗೆ ಬೀಳುತ್ತದೆ. ಸುಟ್ಟ ಗೆರೆ ಹೊಲದಿಂದ ಬಣವೆಯವರೆಗೆ ಬಂದಿದ್ದರೆ ಅದು ನೆಲದಲ್ಲೇ ಬರೆದಂತಿರುತ್ತದೆ.

ನಾಲ್ಕು, ಯಾರೂ ಹಚ್ಚದೆ ಬಣವೆ ತಾನೇ ಹೊತ್ತಿಕೊಳ್ಳುವುದು. ಇದನ್ನು ಹಲವರು ನಂಬುವುದಿಲ್ಲ. ಹಸಿ ಹುಲ್ಲು, ಮಳೆಗೆ ತೊಯ್ದ ಹುಲ್ಲು ಒಟ್ಟಿದರೆ ಒಳಗೆ ಸೂಕ್ಷ್ಮಾಣುಗಳು ಬೆಳೆದು ಶಾಖ ಹುಟ್ಟುತ್ತದೆ. ಹುಲ್ಲಿನಲ್ಲಿ ತೇವ ನೂರಕ್ಕೆ 20ಕ್ಕಿಂತ ಹೆಚ್ಚಿದ್ದರೆ ಈ ಅಪಾಯವಿದೆ. ಒಳಗಿನ ಶಾಖ 65-70 ಡಿಗ್ರಿ ದಾಟಿದರೆ ಎಚ್ಚರ ಬೇಕು, 80 ದಾಟಿದರೆ ಯಾವಾಗ ಬೇಕಾದರೂ ಹೊತ್ತಬಹುದು. ಸಾಮಾನ್ಯವಾಗಿ ಒಟ್ಟಿದ ಎರಡರಿಂದ ಆರು ವಾರಗಳಲ್ಲಿ ಹೀಗಾಗುತ್ತದೆ. ಬೇಸಿಗೆ ಬೆಳೆಯ ನೆಲ್ಲು ಕೊಯ್ಯುವಾಗಲೇ ಅಡ್ಡಮಳೆ ಬೀಳುವ ಸಿಂಧನೂರು ಕಡೆಯವರು, ಯಂತ್ರದಲ್ಲಿ ಬಿಗಿಯಾಗಿ ಸುತ್ತಿದ ಹುಲ್ಲಿನ ಉಂಡೆ ಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಿ. ಬಣವೆಯಿಂದ ಬೆಲ್ಲ ಸೀದಂಥ ವಾಸನೆ, ಬೆಳಗಿನ ಹೊತ್ತು ಹಬೆ ಬಂದರೆ ಉದ್ದ ಕಬ್ಬಿಣದ ಸಲಾಕೆ ಚುಚ್ಚಿ 20 ನಿಮಿಷ ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ನೀವೇ ಕೀಳಲು ಹೋಗಬೇಡಿ. ಗಾಳಿ ಸೇರಿದ ಕೂಡಲೇ ಭಗ್ಗೆನ್ನಬಹುದು. 112 ಅಥವಾ 101ಕ್ಕೆ ಫೋನ್ ಮಾಡಿ.

ಬಣವೆ ಸುಟ್ಟ ಜಾಗದಲ್ಲಿ ಕೆಲವೊಮ್ಮೆ ಗಾಜಿನಂಥ ಗಟ್ಟಿ ಉಂಡೆ ಸಿಗುತ್ತದೆ. ಸಿಡಿಲಿನದು ಎನ್ನುವವರಿದ್ದಾರೆ, ಮಾಟದ್ದು ಎನ್ನುವವರೂ ಇದ್ದಾರೆ. ಅದು ಎರಡೂ ಅಲ್ಲ. ಹುಲ್ಲಿನಲ್ಲಿ, ಅದರಲ್ಲೂ ನೆಲ್ಲು ಹುಲ್ಲಿನಲ್ಲಿ, ಮರಳಿನ ಅಂಶ ಇರುತ್ತದೆ. ಹೆಚ್ಚು ಹೊತ್ತು ಒಳಗೇ ಉರಿದಾಗ ಅದು ಕರಗಿ ಗಟ್ಟಿಯಾಗುತ್ತದೆ, ಅಷ್ಟೇ.

ಐದನೆಯದು, ಬೇಕಂತಲೇ ಹಚ್ಚುವುದು. ಸೀಮೆಎಣ್ಣೆ, ಪೆಟ್ರೋಲಿನ ಅನುಮಾನವಿದ್ದರೆ ಪೊಲೀಸರು ಮಣ್ಣು, ಬೂದಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಉಳಿದ ನಾಲ್ಕು ಕಾರಣಗಳನ್ನು ಒಂದೊಂದಾಗಿ ನೋಡಿದ ಮೇಲೆಯೇ ಐದನೆಯದಕ್ಕೆ ಬರಬೇಕು. ನಾವು ಊರಿನಲ್ಲಿ ಮಾಡುವುದು ಉಲ್ಟಾ. ಮೊದಲು ಐದನೆಯದನ್ನೇ ಹಿಡಿದು ಹೆಸರು ಹೇಳಿಬಿಡುತ್ತೇವೆ.

ಹೆಸರು ಹೇಳುವ ಮುನ್ನ

ಬೆಂಕಿಯ ಗುರುತು ಓದುವುದರಲ್ಲಿ ಕಲಿತವರೂ ತಪ್ಪುತ್ತಾರೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಕಾರ್ಸಿಕಾನಾ ಎಂಬ ಊರಿನಲ್ಲಿ 1991ರ ಡಿಸೆಂಬರ್ 23ರಂದು ಒಂದು ಮನೆಗೆ ಬೆಂಕಿ ಬಿದ್ದು ಮೂರು ಪುಟ್ಟ ಹೆಣ್ಣುಮಕ್ಕಳು ಸತ್ತರು. ನೆಲದ ಸುಟ್ಟ ಕಲೆ, ಒಡೆದ ಗಾಜಿನ ಬಿರುಕು ನೋಡಿದ ತನಿಖೆಯವರು, ತಂದೆಯೇ ಎಣ್ಣೆ ಸುರಿದು ಹಚ್ಚಿದ್ದಾನೆ ಎಂದರು. ಆ ತಂದೆ ಕ್ಯಾಮರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್. ನಾನು ಹಚ್ಚಿಲ್ಲ ಎಂದು ಕೊನೆಯವರೆಗೂ ಹೇಳಿದ. 2004ರ ಫೆಬ್ರುವರಿಯಲ್ಲಿ ಅವನಿಗೆ ಮರಣದಂಡನೆಯಾಯಿತು. ಆ ರಾಜ್ಯದ ವಿಧಿವಿಜ್ಞಾನ ಆಯೋಗವೇ ನೇಮಿಸಿದ ತಜ್ಞರು 2009ರಲ್ಲಿ ವರದಿ ಕೊಟ್ಟರು: ಬೆಂಕಿ ಹಚ್ಚಲಾಗಿತ್ತು ಎನ್ನಲು ವಿಜ್ಞಾನದ ಆಧಾರವೇ ಇರಲಿಲ್ಲ. ಅಂಥ ಗುರುತುಗಳು ತಾನಾಗಿ ಬಿದ್ದ ಬೆಂಕಿಯಲ್ಲೂ ಬರುತ್ತವೆ.

ಕಲಿತ ತನಿಖೆಯವರೇ ಹೀಗೆ ಎಡವಿದರೆ, ಅಳುತ್ತಾ ಕುಳಿತ ನಾವು ಬಾಯಿಗೆ ಬಂದ ಹೆಸರು ಹೇಳಿದರೆ ಏನಾದೀತು? ನೀವು ಹೇಳಿದ ಮನುಷ್ಯನನ್ನು ಠಾಣೆಗೆ ಕರೆಯುತ್ತಾರೆ. ಅವನ ಹೆಂಡತಿಯೂ ನಿಮ್ಮದೇ ಡೈರಿಗೆ ಹಾಲು ಹಾಕುವವಳು. ಅವಳ ಮಕ್ಕಳೂ ನಿಮ್ಮ ಮಕ್ಕಳ ಜೊತೆ ಶಾಲೆಗೆ ಹೋಗುವವರು. ಕಾನೂನು ಇದನ್ನು ಹಗುರವಾಗಿ ನೋಡುವುದಿಲ್ಲ. ಹಳೆಯ ದಂಡ ಸಂಹಿತೆಯ 435ನೇ ಕಲಮಿನಲ್ಲಿ ಬೇರೆ ಆಸ್ತಿಗೆ ಬೆಂಕಿ ಇಟ್ಟರೆ ನಷ್ಟ 100 ರೂಪಾಯಿ ಇರಬೇಕಿತ್ತು, ಬೆಳೆಯ ಉತ್ಪನ್ನಕ್ಕಾದರೆ 10 ರೂಪಾಯಿ ಸಾಕಿತ್ತು. ರೈತರ ರಾಶಿಗೆ ಬೆಂಕಿ ಇಡುವುದು ಎಂಥ ದ್ರೋಹ ಎಂಬುದು ಅಂದಿನವರಿಗೂ ಗೊತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲೂ ಇದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ಇಷ್ಟು ದೊಡ್ಡ ಆರೋಪವನ್ನು ಕಂಡಿದ್ದರೆ ಮಾತ್ರ ಹೊರಿಸಬೇಕು. ಸುಳ್ಳೆಂದು ಗೊತ್ತಿದ್ದೂ ದೂರು ಕೊಡುವುದು ಕೂಡ ಅಪರಾಧವೇ.

ಈಗ ನಿಮ್ಮ ಭಯದ ಮಾತು. "ಹೊಗೆ ನಾನೇ ಇಟ್ಟಿದ್ದೆ ಅಂದ್ರ ರೊಕ್ಕ ಕೊಡ್ತಾರೇನ್ರಿ?" ಸಾಮಾನ್ಯವಾಗಿ ಅಚಾತುರ್ಯದಿಂದ ಬಿದ್ದ ಬೆಂಕಿ ಅಪಘಾತವೇ. ವಿಮೆ ಇರುವುದೇ ಅದಕ್ಕೆ. ಜಾನುವಾರು ವಿಮೆಯಿಂದ ಹೊರಗಿಡುವುದು ಬೇಕಂತಲೇ ಮಾಡಿದ ಹಾನಿಯನ್ನು, ದನವನ್ನು ನೋಡಿಕೊಳ್ಳದೆ ಕೈಬಿಟ್ಟಿದ್ದನ್ನು, ಕಳವನ್ನು, ಗುಟ್ಟಾಗಿ ಮಾರಿದ್ದನ್ನು. ಸೊಳ್ಳೆ ಕಡಿಯದಿರಲೆಂದು ಹೊಗೆ ಇಟ್ಟವಳು ದನವನ್ನು ಕೈಬಿಟ್ಟವಳಲ್ಲ. ಆದರೆ ಹೇಳಿಕೆಯಲ್ಲಿ ಒಂದು ಸುಳ್ಳು ಸಿಕ್ಕರೆ ಉಳಿದ ಸತ್ಯವನ್ನೂ ಅನುಮಾನದಿಂದ ನೋಡುತ್ತಾರೆ. ಮಗುಚಿದ ಪುಟ್ಟಿ ಬೂದಿಯಲ್ಲಿ ಸಿಕ್ಕೇ ಸಿಗುತ್ತದೆ. ಅದು ಸಿಗುವ ಮೊದಲೇ ನೀವಾಗಿ ಹೇಳಿದ್ದರೆ ಅದು ನಿಮ್ಮ ಪ್ರಾಮಾಣಿಕತೆಗೆ ಸಾಕ್ಷಿ. ಮುಚ್ಚಿಟ್ಟಿದ್ದರೆ ಅದೇ ಪುಟ್ಟಿ ನಿಮ್ಮ ಮೇಲೆ ತಿರುಗುತ್ತದೆ.

ಮೋಸದ ಲೆಕ್ಕ ಯಾರ ತಲೆಗೆ?

ಮೋಸ ಮಾಡುವವರು ಇಲ್ಲ ಎನ್ನುವುದಿಲ್ಲ. ಎಲ್ಲ ದೇಶಗಳಲ್ಲೂ ಇದ್ದಾರೆ. ಅಮೆರಿಕದಲ್ಲಿ ಲಕ್ಷಾಂತರ ಬೆಲೆಯ ಪಂದ್ಯದ ಕುದುರೆಗಳನ್ನು ವಿಮೆ ಹಣಕ್ಕಾಗಿ ಕೊಲ್ಲಿಸಿದ ಜಾಲವೊಂದು ಸಿಕ್ಕಿಬಿದ್ದು, 1994ರಲ್ಲಿ ಶಿಕಾಗೊದ ನ್ಯಾಯಾಲಯದಲ್ಲಿ ಮೊಕದ್ದಮೆಯಾಯಿತು. ಅದರಲ್ಲಿ ಶ್ರೀಮಂತ ಮಾಲೀಕರೂ ಇದ್ದರು, ಪಶುವೈದ್ಯರೂ ಇದ್ದರು. ನಮ್ಮ ವೃತ್ತಿಯವರ ಹೆಸರು ಅಲ್ಲಿ ಓದಿದಾಗ ನನಗೆ ನಾಚಿಕೆಯಾಗಿತ್ತು. ನಮ್ಮ ಒಂದು ಸಹಿಯ ಮೇಲೆ ಎಷ್ಟು ನಿಂತಿದೆ ಎಂಬುದು ಅಂಥ ಸುದ್ದಿ ಓದಿದಾಗಲೇ ಮತ್ತೆ ನೆನಪಾಗುವುದು.

"ಸ್ವಲ್ಪ ಬರದು ಕೊಡ್ರಿ ಡಾಕ್ಟ್ರೆ, ಸರ್ಕಾರದ ರೊಕ್ಕ, ನಿಮ್ಮ ಗಂಟೇನು ಹೋಗತೈತಿ" ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ 2024ರ ಫೆಬ್ರುವರಿಯ ತಿದ್ದುಪಡಿಯಂತೆ, ವಿಮೆ ಕಂತು 100 ರೂಪಾಯಿ ಇದ್ದರೆ ನಿಮ್ಮದು 15 ಮಾತ್ರ. ಉಳಿದ 85ರಲ್ಲಿ 51 ಕೇಂದ್ರದ್ದು, 34 ರಾಜ್ಯದ್ದು. ಮೊದಲು ರೈತರ ಪಾಲು 20ರಿಂದ 50ರವರೆಗೆ ಇತ್ತು. ಮೋಸದ ಪ್ರಕರಣ ಹೆಚ್ಚಾದರೆ ಕಂಪನಿಗಳು ಕಂತು ಏರಿಸುತ್ತವೆ, ಇಲ್ಲವೆ ಈ ಕಡೆಯ ದನಗಳಿಗೆ ವಿಮೆ ಮಾಡುವುದಕ್ಕೇ ಹಿಂಜರಿಯುತ್ತವೆ. ಒಂದೇ ಆಕಳನ್ನು ನಂಬಿಕೊಂಡ ಹೆಣ್ಣುಮಗಳ ಅರ್ಜಿ ತಿಂಗಳುಗಟ್ಟಲೆ ಮೇಜಿನ ಮೇಲೆ ಕೂರುತ್ತದೆ. ಮೋಸ ಮಾಡಿದವನಿಗೆ ಸಿಕ್ಕ ಹಣ ಅವಳ ಹಾಲಿನ ಕ್ಯಾನಿನಿಂದ ಬಂದದ್ದು. ಸಿಕ್ಕಿಬಿದ್ದರೆ ವಂಚನೆಗೆ 7 ವರ್ಷದವರೆಗೆ, ಪ್ರಾಣಿಯನ್ನು ಕೊಂದದ್ದಕ್ಕೆ 5 ವರ್ಷದವರೆಗೆ ಶಿಕ್ಷೆಯಿದೆ. ಬರೆದುಕೊಟ್ಟ ವೈದ್ಯರೂ ಅದೇ ಕಟಕಟೆಯಲ್ಲಿ ನಿಲ್ಲುತ್ತಾರೆ.

ಬೆಂಕಿ ಬಿದ್ದ ಮೇಲೆ ಏನು ಮಾಡಬೇಕು?

• ಜನ, ಬದುಕಿರುವ ದನ ಮೊದಲು. ಹೊರಗೆ ತಂದ ದನವನ್ನು ದೂರ ಕಟ್ಟಿ. ಬಿಟ್ಟರೆ ಗಾಬರಿಯಲ್ಲಿ ಉರಿಯುವ ಕೊಟ್ಟಿಗೆಗೇ ವಾಪಸು ನುಗ್ಗುತ್ತವೆ.

• ಸುಟ್ಟ ಜಾಗಕ್ಕೆ ತಣ್ಣೀರು ಹಾಕುತ್ತಿರಿ. ಇಂಜಿನ್ ಆಯಿಲ್, ಸೀಮೆಎಣ್ಣೆ, ಬೂದಿ ಬಳಿಯಬೇಡಿ. ಕೆಚ್ಚಲು, ಮೊಲೆತೊಟ್ಟು, ಕಣ್ಣನ್ನು ವೈದ್ಯರಿಗೆ ತೋರಿಸಿ. ಹೊಗೆ ಕುಡಿದ ದನ ಆಗ ಚೆನ್ನಾಗಿ ಕಂಡರೂ ಎರಡು ಮೂರು ದಿನಗಳಲ್ಲಿ ಉಸಿರು ಕಟ್ಟಿ ಸಾಯಬಹುದು. ಆದ್ದರಿಂದ ಬದುಕಿರುವ ದನದ ವಿಷಯವನ್ನೂ ವಿಮೆಯವರಿಗೆ ತಿಳಿಸಿ, ಚಿಕಿತ್ಸೆಯ ಚೀಟಿ ಇಟ್ಟುಕೊಳ್ಳಿ.

• ಅದೇ ದಿನ ವಿಮೆ ಕಂಪನಿಗೆ, ಪಶು ಆಸ್ಪತ್ರೆಗೆ, ಡೈರಿಯ ಕಾರ್ಯದರ್ಶಿಗೆ, ಪೊಲೀಸ್ ಠಾಣೆಗೆ, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಅಗ್ನಿಶಾಮಕ ದಳ ಬಂದಿದ್ದರೆ ಅವರ ವರದಿ ಕೇಳಿ ಪಡೆಯಿರಿ. ಪಂಚನಾಮೆಗೆ ಸಹಿ ಹಾಕುವ ಮುನ್ನ ಓದಿಸಿ ಕೇಳಿ.

• ಬೂದಿ ಗುಡಿಸಬೇಡಿ, ಪುಟ್ಟಿ ಎತ್ತಿಡಬೇಡಿ. ನಾಲ್ಕೂ ಕಡೆಯಿಂದ ಫೋಟೊ ತೆಗೆಸಿ.

• ವಿಮೆ ಹಣಕ್ಕೆ ಮುಖ್ಯವಾಗಿ ನಾಲ್ಕು ಕಾಗದ: ತಿಳಿಸಿದ ಪತ್ರ, ಪಾಲಿಸಿ, ಅರ್ಜಿ ನಮೂನೆ, ಮರಣೋತ್ತರ ಪರೀಕ್ಷೆಯ ವರದಿ. ಕೊಟ್ಟದ್ದರ ಪ್ರತಿ ನಿಮ್ಮ ಹತ್ತಿರ ಇರಲಿ.

ಒಂದು ವಿಷಯ ಮರೆಯಬೇಡಿ. ಓಲೆಯ ವಿಮೆ ದನದ ಜೀವಕ್ಕೆ ಮಾತ್ರ. ಸುಟ್ಟ ಬಣವೆಗೆ, ಕೊಟ್ಟಿಗೆಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬೆಂಕಿ ಅನಾಹುತ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದೆ. 2022-26ರ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಆಕಳು ಅಥವಾ ಎಮ್ಮೆಗೆ 37,500 ರೂಪಾಯಿ ನಿಗದಿಯಾಗಿತ್ತು. ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಕೇಳಿ.

ಕಾರಣವಿಲ್ಲದೆ ವಿಮೆ ಹಣ ತಡೆದರೆ ಸುಮ್ಮನಿರಬೇಡಿ. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. ವಿಮೆ ನಿಯಂತ್ರಣ ಪ್ರಾಧಿಕಾರದ ಉಚಿತ ಸಂಖ್ಯೆ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೂ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ.

ಇವತ್ತು ಸಂಜೆಯ ಕೆಲಸ

ಬಣವೆಯನ್ನು ಕೊಟ್ಟಿಗೆಯಿಂದ, ಮನೆಯಿಂದ, ಕರೆಂಟಿನ ತಂತಿಯಿಂದ ದೂರ ಒಟ್ಟಿ. ಜಾಗ ಇದ್ದರೆ ಒಂದರ ಬದಲು ಎರಡು ಬಣವೆ ಮಾಡಿ, ಒಂದು ಸುಟ್ಟರೂ ಇನ್ನೊಂದು ಉಳಿಯಲಿ. ಸುತ್ತ ಹುಲ್ಲು ಕೆತ್ತಿ ಬರಿ ನೆಲ ಬಿಡಿ. ತಂತಿ ಜೋತು ಬಿದ್ದಿದ್ದರೆ ಲೈನ್‌ಮನ್‌ಗೆ ಹೇಳಿ. ಹೊಗೆ ಇಡಲೇಬೇಕಾದರೆ ಕೊಟ್ಟಿಗೆಯ ಹೊರಗೆ, ಗಾಳಿ ಬರುವ ಕಡೆ, ದನದ ಕಾಲಿಗೆ ಸಿಗದಂತೆ ಇಡಿ. ಮಲಗುವ ಮುನ್ನ ನೀರು ಹಾಕಿ ಆರಿಸಿ. ಸೊಳ್ಳೆ ಪರದೆ ಇನ್ನೂ ಒಳ್ಳೆಯದು. ಬಾಗಿಲ ಹತ್ತಿರ ಒಂದು ಬ್ಯಾರಲ್ ನೀರು, ಒಂದು ಬುಟ್ಟಿ ಮರಳು, ಗೋಡೆಗೆ ಒಂದು ಕುಡುಗೋಲು ಇರಲಿ.

ರಾತ್ರಿ ಸರಪಳಿ ಬೇಡ. ಎಳೆದರೆ ಬಿಚ್ಚುವ ಗಂಟು ಹಾಕಿದ ಕಣ್ಣಿ ಸಾಕು. ಆ ಗಂಟು ನಿಮ್ಮ ಅತ್ತೆಗೂ, ಹತ್ತು ವರ್ಷದ ಮಗಳಿಗೂ ಕತ್ತಲಲ್ಲಿ ಬಿಚ್ಚಲು ಬರಬೇಕು. ಒಂದು ಸಂಜೆ ಆಟದಂತೆ ಕಲಿಸಿ.

ಇನ್ನು ನಮ್ಮ ಉದಾಹರಣೆಯ ಆ ಮನೆ. ಆಕಳ ಶ್ವಾಸನಾಳದ ತುಂಬ ಮಸಿ ಸಿಕ್ಕಿತು ಎಂದುಕೊಳ್ಳಿ. ಓಲೆ ಕರಗಿದ್ದರೂ ಫೋಟೊ ಸಿಕ್ಕಿತು. ಹಾಲಿನ ಪುಸ್ತಕದಲ್ಲಿ ಹಿಂದಿನ ಸಂಜೆಯ 5 ಲೀಟರ್ ಇತ್ತು. ಗೋದಲಿಯ ಮೂಲೆಯಲ್ಲಿ ಪುಟ್ಟಿ ಬೋರಲಾಗಿ ಬಿದ್ದಿತ್ತು. ಎರಡೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಉಳಿದದ್ದು ಬದುವಿನಾಚೆಯ ಆ ಮನೆ. ಮಾತು ಬಿಟ್ಟಿದ್ದರೂ ರಾತ್ರಿ ಒಂದು ಗಂಟೆಗೆ ಕೊಡ ಹೊತ್ತು ಬಂದವರು ಅವರು. ನೀವು ಹೆಸರು ಹೇಳಿಬಿಟ್ಟಿದ್ದರೆ ಆ ಮಾತನ್ನು ವಾಪಸು ತೆಗೆದುಕೊಳ್ಳಲು ವಿಮೆಯವರೂ ಸಹಾಯ ಮಾಡಲಾರರು, ನಾನೂ ಮಾಡಲಾರೆ. ಹೇಳದೆ ಇದ್ದಿದ್ದರೆ, ಮರುದಿನ ಬೆಳಿಗ್ಗೆ ಎಮ್ಮೆಗೆ ಒಂದು ಹೊರೆ ಕಣಕಿ ಆ ಮನೆಯಿಂದಲೇ ಬರುತ್ತಿತ್ತೇನೋ.